ತನ್ನ ತಿಥಿಗೆ ತಾನೇ ಅಡುಗೆ ಮಾಡಿದವಳು

ಲಾಯ್‌ಳನ್ನು ನಾವು ಎರಡು ಸಲ ಮಣ್ಣು ಮಾಡಿದೆವು. ಎರಡನೆಯದು ಹೋದ ವರ್ಷ, ಎಲ್ಲರಿಗೂ ಆಗುವಂಥದ್ದೇ. ಮೊದಲನೆಯ ಸಲ ಮಣ್ಣು ಮಾಡಿದಾಗ ಅವಳು ಸೈಗಾನ್‌ನ ಒಂದು ಹೋಟೆಲಿನ ಹಿತ್ತಲಲ್ಲಿ ಕೂತು ಬಟ್ಟಲು ತೊಳೆಯುತ್ತಿದ್ದಳು. ಆ ಗುಂಡಿಗೆ ಮೂರು ಹಿಡಿ ಮಣ್ಣು ಹಾಕಿದವರಲ್ಲಿ ನಾನೂ ಒಬ್ಬಳು. ಹಾಗಾಗಿ ಅವಳ ಕಥೆ ಹೇಳುವ ಹಕ್ಕು ನನಗೆ ಸ್ವಲ್ಪ ಇದೆ ಎಂದುಕೊಂಡಿದ್ದೇನೆ. ಇಲ್ಲ ಎನ್ನುವವರು ಬಂದು ಹೇಳಲಿ, ನಮ್ಮ ಮನೆ ಕಾಲುವೆಯ ತಿರುವಿನಲ್ಲೇ ಇದೆ.

ಅವಳ ಕಸುಬು ಅಳುವುದು. ನಮ್ಮ ಬೆನ್ ತ್ರೆ ಸೀಮೆಯಲ್ಲಿ ಸಾವಿನ ಮನೆಗೆ ಕೂಲಿಗೆ ಅಳುವವರನ್ನು ಕರೆಸುವುದು ಹಿಂದಿನಿಂದ ಬಂದದ್ದು. ಮನೆಯವರಿಗೆ ನೂರೆಂಟು ಕೆಲಸ ಇರುತ್ತದೆ. ಬಂದವರಿಗೆ ಚಹಾ ಕೊಡಬೇಕು, ಹಂದಿ ಬೇಯಿಸಬೇಕು, ಅಳುತ್ತಾ ಕೂತರೆ ಆಗುತ್ತದೆಯೇ? ಲಾಯ್ ಹಣೆಗೆ ಬಿಳಿ ಪಟ್ಟಿ ಕಟ್ಟಿ, ಹೆಣದ ಪೆಟ್ಟಿಗೆಯ ತಲೆಯ ಕಡೆ ಕೂತು ರಾಗ ತೆಗೆದಳೆಂದರೆ ಸತ್ತವನ ಮೇಲೆ ಹಗೆ ಇದ್ದವರೂ ಮೂಗು ಒರೆಸಿಕೊಳ್ಳುತ್ತಿದ್ದರು. ಈ ಕಸುಬಿಗೆ ಎರಡು ಕಟ್ಟಳೆ. ಹೆಸರು ಹಿಡಿಯದೆ ಅಳಬಾರದು, ಅತ್ತರೂ ಕಣ್ಣೀರು ಬಾರದು. ಬದುಕಿರುವವರ ಹೆಸರು ಹಿಡಿದು ಅಳಬಾರದು, ಅತ್ತರೆ ಅವರು ಉಳಿಯರು.

ಅವಳ ಅಪ್ಪನನ್ನು ಫ್ರೆಂಚರ ಕಾಲದಲ್ಲೇ ರಸ್ತೆ ಕೆಲಸಕ್ಕೆಂದು ಹಿಡಿದುಕೊಂಡು ಹೋಗಿದ್ದರು. ಅಪ್ಪ ಹೆಣವಾಗಿ ಬಂದರು. ಉಳಿದವರು ತಾಯಿ, ಲಾಯ್, ಅವಳಿಗಿಂತ ಎಂಟು ವರ್ಷ ಚಿಕ್ಕವನಾದ ತಮ್ಮ. ಅವನನ್ನು ಎಲ್ಲರೂ ತೇವ್ ಎನ್ನುತ್ತಿದ್ದೆವು, ಪೀಚಲ ಎಂದ ಹಾಗೆ. ಮಗು ಚೆನ್ನಾಗಿದೆ ಎಂದು ತಿಳಿದರೆ ಎತ್ತಿಕೊಂಡು ಹೋಗುವವರು ಗಾಳಿಯಲ್ಲಿ ಇರುತ್ತಾರೆ, ಅವರ ಕಣ್ಣು ತಪ್ಪಿಸಲು ಗಂಡುಮಕ್ಕಳಿಗೆ ಇಂಥ ಕೆಟ್ಟ ಹೆಸರು. ಊರಿಗೆ ಹತ್ತು ಜನ ತೇವ್‌ಗಳು. ತಾಯಿ ತೆಂಗಿನ ತೋಟಕ್ಕೆ ಕೂಲಿಗೆ ಹೋಗುತ್ತಿದ್ದುದರಿಂದ ಅವನನ್ನು ಸಾಕಿದವಳೇ ಲಾಯ್. ಸಂಜೆ ಕಾಲುವೆಯ ದಡಕ್ಕೆ ಬಂದು, ಸೊಂಟದ ಮೇಲೆ ಕೈಯಿಟ್ಟು, "ತೇವೋ, ಅನ್ನ ಆರಿಹೋಗ್ತಾ ಇದೆ ಕಣೋ" ಎಂದು ಎಳೆದು ಕೂಗುತ್ತಿದ್ದಳು. ಅವನು ನಮ್ಮ ದೋಣಿಯ ಹಿಂದೆ ಅಡಗಿ ನನ್ನ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದ, ನಾನು ಹೇಳಿಬಿಡುತ್ತೇನೆಂದು. ಮುಂದೆ ಅವನ ತಾಯಿ ವೀಳ್ಯ ಅಡಿಕೆ ತಂದು ನನ್ನನ್ನು ಅವನಿಗೆ ಗೊತ್ತು ಮಾಡಿದರು. ಆ ದಿನದಿಂದ ನಾನು ಅವರನ್ನು ಅತ್ತೆ ಎಂದೆ. ಮದುವೆಯಾಗದಿದ್ದರೂ ಕೊನೆಯವರೆಗೆ ಅತ್ತೆ ಎಂದೇ ಕರೆದೆ.

ಫ್ರೆಂಚರು ಹೋಗಿ ನಾವು ಉಸಿರು ಬಿಡುವಷ್ಟರಲ್ಲಿ ಅಮೆರಿಕದವರು ಬಂದರು. ಕಮ್ಯುನಿಸ್ಟರಿಂದ ನಿಮ್ಮನ್ನು ಕಾಪಾಡುತ್ತೇವೆ ಎಂದು ಆಕಾಶದಿಂದ ಕಾಗದ ಉದುರಿಸುತ್ತಿದ್ದರು. ಕಮ್ಯುನಿಸ್ಟರು ಅಂದರೆ ನಮಗೆ ಯಾರು? ಶಾಲೆಯ ಮೇಷ್ಟ್ರು, ಮೀನು ಮಾರುವವಳ ಮೂವರು ಮಕ್ಕಳು, ಕೊನೆಗೆ ನಮ್ಮ ತೇವ್ ಕೂಡ. ಅವನು ಕಾಡು ಸೇರಿದಾಗ ಅವನಿಗೆ ಹತ್ತೊಂಬತ್ತು. ಅತ್ತೆಗೆ ಓದು ಬಾರದು, ಆ ಕಾಗದಗಳನ್ನು ಆರಿಸಿಕೊಂಡು ಬಂದು ಒಲೆ ಹೊತ್ತಿಸುತ್ತಿದ್ದರು. "ಫ್ರೆಂಚರ ಕಾಗದ ಇದಕ್ಕಿಂತ ಚೆನ್ನಾಗಿ ಉರೀತಿತ್ತು" ಎನ್ನುತ್ತಿದ್ದರು.

ಸಾವು ಹೆಚ್ಚಾದರೆ ಅಳುವವಳಿಗೆ ಕೈತುಂಬ ಕೆಲಸ ಎಂದು ನೀವು ಅಂದುಕೊಳ್ಳುತ್ತೀರಿ. ಹಾಗಾಗಲಿಲ್ಲ. ಕೋತಿಯ ವರ್ಷ ಹುಟ್ಟಿದ ಹೊಸವರ್ಷದ ಹಬ್ಬದಲ್ಲಿ ಬಾಂಬಿಗೆ ಪೇಟೆ ಸುಟ್ಟುಹೋದ ಮೇಲೆ ಬೆಳಿಗ್ಗೆ ಸತ್ತವರನ್ನು ಮಧ್ಯಾಹ್ನಕ್ಕೆ ಮುಚ್ಚಿಬಿಡುತ್ತಿದ್ದರು. ಎಷ್ಟೋ ಮನೆಗಳಲ್ಲಿ ಮುಚ್ಚಲು ಹೆಣವಿರಲಿಲ್ಲ, ಕೆಲವು ಕಡೆ ಅಳುವವಳನ್ನು ಕರೆಸಲು ಮನೆಯವರೇ ಇರಲಿಲ್ಲ. ಲಾಯ್ ಬಟ್ಟೆ ಗಂಟು ಕಟ್ಟಿಕೊಂಡು ಸೈಗಾನ್‌ಗೆ ಹೋಗಿ ಹೋಟೆಲು ಸೇರಿದಳು. ಅಲ್ಲಿಂದ ಎರಡು ವರ್ಷ ನಮಗೆ ಸುದ್ದಿ ಇಲ್ಲ. ಸೇತುವೆಗಳಿಲ್ಲ, ದೋಣಿಗಳನ್ನು ತಡೆಯುತ್ತಿದ್ದರು, ಕಾಗದ ಬರೆಯೋಣವೆಂದರೆ ಅವಳಿಗೂ ಬರೆಯಲು ಬಾರದು.

ಅಲ್ಲಿ ಒಂದು ಓಣಿಯ ಸಾವಿನಲ್ಲಿ ಅವಳು ಅತ್ತದ್ದನ್ನು ಯಾರೋ ಕೇಳಿ, ಒಬ್ಬ ಕನ್ನಡಕದ ಗುಮಾಸ್ತ ಕಾರು ತಂದ. ರೇಡಿಯೋ ನಾಟಕಕ್ಕೆ ಒಂದು ಅಳು ಬೇಕು ಎಂದ. ಕರೆದುಕೊಂಡು ಹೋದ ಕೋಣೆಯ ಗೋಡೆಗೆಲ್ಲ ದಪ್ಪ ಬಟ್ಟೆ. "ಅಲ್ಲಿ ದನಿ ತುಟಿ ದಾಟೋದೇ ಇಲ್ಲ ಕಣೇ ಮೂಯ್, ಬಾಯಲ್ಲೇ ಸತ್ತುಹೋಗುತ್ತೆ" ಎಂದು ಎಷ್ಟೋ ವರ್ಷಗಳ ಮೇಲೆ ನನಗೆ ಹೇಳಿದಳು. ಗಾಜಿನ ಆಚೆ ಕಿವಿಗೆ ಯಂತ್ರ ಹಾಕಿಕೊಂಡ ಅಮೆರಿಕದ ಹುಡುಗ ಕಿತ್ತಳೆ ಸುಲಿಯುತ್ತಿದ್ದ. ಗುಮಾಸ್ತ ತಾನೇ ಓದಿ ಬಾಯಿಪಾಠ ಮಾಡಿಸಿದ: ನಾನು ಸತ್ತಿದ್ದೇನೆ, ನನ್ನ ದೇಹ ಯಾವ ಕೆಸರಿನಲ್ಲಿದೆಯೋ ತಿಳಿಯದು, ನನಗೆ ಗೋರಿಯಿಲ್ಲ, ನೀವಾದರೂ ಮನೆಗೆ ಹೋಗಿ.

ಊರಿನಿಂದ ದೂರ ಸತ್ತು, ಮಣ್ಣು ಕಾಣದವರು ಹಸಿದುಕೊಂಡು ಅಲೆಯುತ್ತಾರೆ ಎಂಬುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಅದನ್ನು ಆ ಅಮೆರಿಕದವರಿಗೆ ಯಾರು ಹೇಳಿಕೊಟ್ಟರೋ, ಅವರ ನಾಲಿಗೆಗೆ ಹುಳ ಬೀಳಲಿ.

ಮೂರು ಸಲ ಪ್ರಯತ್ನಿಸಿದಳು. ಕಣ್ಣೀರು ಬರಲಿಲ್ಲ.

"ಇದರಲ್ಲಿ ಹೆಸರೇ ಇಲ್ಲವಲ್ಲ ಸ್ವಾಮಿ" ಎಂದಳು.

"ಯಾವುದಾದ್ರೂ ಒಂದು ಹಾಕ್ಕೊಳ್ಳಮ್ಮ. ಹೊತ್ತಾಗ್ತಿದೆ" ಎಂದ ಗುಮಾಸ್ತ.

ಆಗ ಅವಳು ಲೆಕ್ಕ ಹಾಕಿದಳು. ಸತ್ತವರ ಹೆಸರು ಹಿಡಿದರೆ ಅವರನ್ನು ಸುಮ್ಮನೆ ಎಬ್ಬಿಸಿದಂತೆ. ಬದುಕಿರುವವರ ನಿಜವಾದ ಹೆಸರು ಹಿಡಿಯುವಂತಿಲ್ಲ. ತೇವ್ ಎಂಬುದು ಹೆಸರೇ ಅಲ್ಲ, ಗಾಳಿಯವರ ಕಣ್ಣಿಗೆ ಮಣ್ಣೆರಚಲು ಇಟ್ಟದ್ದು. ಊರಿಗೆ ಹತ್ತು ಜನರಿಗೆ ಸೇರಿದ ಹೆಸರು ಯಾರೊಬ್ಬರಿಗೂ ತಗಲದು. ಕಟ್ಟಳೆ ಮುರಿದಂತಾಗುವುದಿಲ್ಲ ಎಂದುಕೊಂಡಳು. ನಮ್ಮ ಸೀಮೆಯ ಯಾವ ಹೆಂಗಸಾದರೂ ಹಾಗೆಯೇ ಅಂದುಕೊಳ್ಳುತ್ತಿದ್ದಳು, ನಾನೂ ಕೂಡ. ತೇವೋ ಎಂದು ಒಮ್ಮೆ ಕರೆದದ್ದೇ ಎದೆ ಬಿರಿಯಿತು. ಗುಮಾಸ್ತನ ಕಾಗದದಲ್ಲಿ ಇಲ್ಲದ ಮಾತು ತಾನಾಗಿ ಬಂತು: ಅನ್ನ ಆರಿಹೋಗ್ತಾ ಇದೆ ಕಣೋ, ಬಾರೋ. ಮುಗಿದ ಮೇಲೆ ಆ ಹುಡುಗ ಯಂತ್ರ ಕಿತ್ತಿಟ್ಟು, ಸುಲಿದ ಕಿತ್ತಳೆಯಲ್ಲಿ ಅರ್ಧ ಅವಳಿಗೆ ಕೊಟ್ಟ. ಹುಳಿ ಇತ್ತಂತೆ.

ನಮ್ಮೂರ ಮೇಲೆ ಅದು ಬಂದದ್ದು ಸಂಜೆ, ಬಾತುಗಳನ್ನು ಗೂಡಿಗೆ ಅಟ್ಟುವ ಹೊತ್ತು. ಹೆಲಿಕಾಪ್ಟರಿನ ಸದ್ದು ನಮಗೆ ಹೊಸದಲ್ಲ. ಆದರೆ ಅದರ ಹಿಂದೆಯೇ ಸಾವಿನ ಮನೆಯ ವಾದ್ಯ ಕೇಳಿತು, ಆಮೇಲೆ ಒಂದು ಅಳು. ಬಾವಿಯೊಳಗಿಂದ ಬಂದಂತೆ, ಒಂದು ದನಿ ಮೂರಾಗಿ, ಒಂದರ ಹಿಂದೆ ಒಂದು. ಬಾತುಗಳು ಗಪ್ಪಾದವು. ಬಾಂಬಿಗೆ ಹೆದರದ ನನ್ನ ಅಪ್ಪ ಮಂಚದ ಕೆಳಗೆ ಹೋಗಿ ಮಲಗಿದ. "ತೇವೋ" ಎಂದು ಆಕಾಶ ಕರೆಯಿತು. ನಮ್ಮ ಕೇರಿಯಲ್ಲೇ ನಾಲ್ಕು ಜನ ತೇವ್‌ಗಳಿದ್ದರು, ಅವರ ತಾಯಂದಿರು ಓಡಿಹೋಗಿ ಅವರ ಬಾಯಿ ಮುಚ್ಚಿ ಹಿಡಿದರು, ಎಲ್ಲಿ ಓಗೊಟ್ಟುಬಿಡುತ್ತಾರೋ ಎಂದು.

ಅತ್ತೆ ಮಾತ್ರ ದಡದ ಮೇಲೆ ನಿಂತು ಕತ್ತೆತ್ತಿ ನೋಡುತ್ತಿದ್ದರು.

"ನಮ್ಮ ಲಾಯ್ ಹೋಗಿಬಿಟ್ಟಳು" ಎಂದರು.

"ಅತ್ತೆ, ಅದು ಮಿಷನ್ನು. ನಮ್ಮನ್ನ ಹೆದರಿಸೋಕೆ ಹಾಕ್ತಾರೆ" ಎಂದೆ. ನನಗೆ ಅದು ಯಾರ ದನಿಯೆಂದೂ ಗೊತ್ತಾಗಿರಲಿಲ್ಲ.

"ಮಿಷನ್ನು ಅವರದೇ ಇರಲಿ. ಅನ್ನ ಆರಿಹೋಗುತ್ತೆ ಅನ್ನೋದನ್ನ ಮಿಷನ್ನಿಗೆ ಯಾರು ಹೇಳಿಕೊಟ್ರು? ಅಲೀತಿದ್ದ ನನ್ನ ಮಗಳನ್ನ ಹಿಡಿದು ಅದರೊಳಗೆ ಕೂಡಿ ಹಾಕಿದಾರೆ. ಬದುಕಿರೋಳು ಹಾಗೆ ಅಳಲ್ಲ."

ಐದನೆಯ ದಿನ ನಸುಕಿನಲ್ಲಿ ತೇವ್ ಬಂದ. ನಾಲ್ಕು ವರ್ಷಗಳ ಮೇಲೆ ನಾನು ಅವನನ್ನು ನೋಡಿದ್ದು. ಕೆನ್ನೆ ಒಳಗೆ ಹೋಗಿ, ನಿಜಕ್ಕೂ ಪೀಚಲನೇ ಆಗಿದ್ದ. "ಮಿಷನ್ನು ಅಂತ ನಮ್ಮ ನಾಯಕರೂ ಹೇಳಿದ್ರು. ಆದ್ರೆ ನನ್ನ ಊಟಕ್ಕೆ ಕರೆಯೋರು ಯಾರು ಅಂತ ನನಗೆ ಗೊತ್ತಾಗಲ್ವಾ?" ಎಂದ. ಅಕ್ಕನಿಗೆ ಮಣ್ಣು ಕೊಡದಿದ್ದರೆ ಅವಳು ಹಾಗೆಯೇ ಆಕಾಶದಲ್ಲಿ ಸುತ್ತುತ್ತಾಳೆ ಎಂದು ಅವನಿಗೂ ಅನ್ನಿಸಿತ್ತು. ಹೆಣ ಸಿಗದವರಿಗೆ ನಾವು ಗಾಳಿಗೋರಿ ಮಾಡುತ್ತೇವೆ. ಹಿಪ್ಪುನೇರಳೆಯ ಕಡ್ಡಿಗಳನ್ನು ಕಡಿದು ಎಲುಬು, ಜೇಡಿಮಣ್ಣು ಮೆತ್ತಿ ಮಾಂಸ. ಕಾಲಿನ ಎಲುಬುಗಳನ್ನು ತೇವ್ ಕಡಿದ, ಕೈಬೆರಳುಗಳನ್ನು ನಾನು ಜೋಡಿಸಿದೆ. ಅದಕ್ಕೆ ಲಾಯ್‌ಳ ಹಳೆಯ ರವಿಕೆ ತೊಡಿಸಿ, ತಲೆಯ ಹತ್ತಿರ ಅವಳ ಬಾಚಣಿಗೆ ಇಟ್ಟು, ಅವಳ ಅಪ್ಪನ ಗೋರಿಯ ಪಕ್ಕದಲ್ಲಿ ಮುಚ್ಚಿದೆವು. ಮುಚ್ಚುವ ಮುಂಚೆ ನೋಡಿದೆ, ರವಿಕೆಯ ಎದೆ ಸ್ವಲ್ಪ ಏರಿಳಿದಂತೆ ಕಂಡಿತು. ಗಾಳಿ ಇದ್ದಿರಬೇಕು.

ಹೊರಡುವಾಗ ತೇವ್ ಹಣೆಯ ಸೂತಕದ ಬಿಳಿ ಪಟ್ಟಿ ಬಿಚ್ಚಲು ಹೋದ. ಅದನ್ನು ಬೆಳಿಗ್ಗೆ ಕಟ್ಟಿದವಳು ನಾನು. "ಕಾಲುವೆ ದಾಟೋವರೆಗಾದ್ರೂ ಇರಲಿ. ಇಷ್ಟು ಬೇಗ ತೆಗೆದರೆ ಅಕ್ಕ ಏನಂದುಕೊಂಡಾಳು?" ಎಂದೆ. ಅವನು ನಕ್ಕು ಬಿಗಿ ಮಾಡಿಕೊಂಡ. ದಡದ ನೀರುತೆಂಗಿನ ಗಿಡಗಳ ಹಸಿರಿನ ನಡುವೆ ಆ ಬಿಳಿ ತುಂಡು ತುಂಬಾ ದೂರದವರೆಗೆ ಕಾಣುತ್ತಿತ್ತು. ಗಸ್ತಿನ ದೋಣಿಯವರಿಗೂ ಕಂಡಿತು. ಮೂರು ಗುಂಡಿನ ಸದ್ದು ಕೇಳಿದೆ, ಅಷ್ಟೇ. ಸಾಯಂಕಾಲ ಅಕ್ಕನ ಗೋರಿಯ ಪಕ್ಕ ಇನ್ನೊಂದು ಗುಂಡಿ ತೆಗೆದೆವು.

ಇದಾದ ಹನ್ನೊಂದನೆಯ ದಿನ, ದೋಣಿಗಳನ್ನು ಮತ್ತೆ ಬಿಡುತ್ತಿದ್ದಾರೆಂದು ತಿಳಿದು, ಲಾಯ್ ಊರಿಗೆ ಹೊರಟಳು. ಅವಳಿಗೆ ಏನೂ ಗೊತ್ತಿಲ್ಲ. ಸೈಗಾನ್‌ನ ಪ್ರಯಾಣಿಕರ ದೋಣಿಯಲ್ಲಿ ಕೂತು ಬರುತ್ತಿದ್ದಾಗ ಸೂರ್ಯ ಮುಳುಗುವ ಹೊತ್ತಿಗೆ ಮೇಲಿನಿಂದ ವಾದ್ಯ ಕೇಳಿತು. ಆಮೇಲೆ ಅವಳದೇ ದನಿ. ದಪ್ಪ ಬಟ್ಟೆಯ ಕೋಣೆಯಲ್ಲಿ ಬಾಯಲ್ಲೇ ಸತ್ತಿದ್ದ ದನಿ ಹೊಳೆಯ ಈ ದಡದಿಂದ ಆ ದಡಕ್ಕೆ ಹಾಸಿಕೊಂಡು ತೇವ್‌ನನ್ನು ಕರೆಯುತ್ತಿತ್ತು. ದೋಣಿಯಲ್ಲಿದ್ದವರೆಲ್ಲ ತಲೆ ತಗ್ಗಿಸಿದರು. ದೋಣಿಯವಳು ಅಕ್ಕಿ ಉಪ್ಪು ಬೆರೆಸಿ ನೀರಿಗೆ ಎರಚಿ, ಬುಟ್ಟಿಯನ್ನು ಇವಳ ಕಡೆ ತಳ್ಳಿದಳು.

"ನೀನೂ ಹಾಕವ್ವ. ಯಾವ ತಾಯಿ ಹೆತ್ತ ಮಗಳೋ ಪಾಪ, ಹೊಟ್ಟೆಗಿಲ್ಲದೆ ಅಲೀತಿದಾಳೆ."

ಲಾಯ್ ಒಂದು ಹಿಡಿ ತೆಗೆದು ತನಗೆಂದು ತಾನೇ ನೀರಿಗೆ ಎರಚಿದಳು.

ಮನೆಗೆ ಬಂದಾಗ ಬಾಗಿಲು ತೆರೆದಿತ್ತು. ದೇವರ ಮಣೆಯ ಮೇಲೆ ಎರಡು ಫೋಟೋ, ಎರಡು ಬಟ್ಟಲು. ಒಂದು ಫೋಟೋ ಅವಳದು. ನಾನು ಅಲ್ಲೇ ಅಡುಗೆಮನೆಯ ಕಂಬಕ್ಕೆ ಅಂಟಿಕೊಂಡಿದ್ದೆ. ಅತ್ತೆ ಅವಳನ್ನು ನೋಡಿದರು. ತಕ್ಷಣ ಮುಖ ತಿರುಗಿಸಿ, ಫೋಟೋ ನೋಡುತ್ತಾ ಮಾತಾಡಿದರು.

"ಬಂದೆಯಾ ಮಗಾ. ಹಸಿದಿದ್ದೀಯ ಅಂತ ಗೊತ್ತು. ನಿನ್ನ ಕೂಗು ಕೇಳಿ ತಮ್ಮ ಬಂದಿದ್ದ. ನಿನ್ನ ಮಣ್ಣು ಮಾಡಿ ಹೋಗೋವಾಗ ಹೊಡೆದುಹಾಕಿದ್ರು. ನಿಂದೇನೂ ತಪ್ಪಿಲ್ಲ ಬಿಡು, ಸತ್ತೋರಿಗೆ ಏನು ಗೊತ್ತಾಗುತ್ತೆ."

ಲಾಯ್‌ಳ ಕೈಯಿಂದ ಗಂಟು ಜಾರಿತು. ಅವ್ವಾ, ನಾನು ಸತ್ತಿಲ್ಲ, ಎಂದು ಹೇಳಲು ಅವಳು ಬಾಯಿ ತೆರೆದದ್ದನ್ನು ನಾನು ನೋಡಿದೆ. ಹೇಳಿದ್ದರೆ ಮುಂದಿನ ಪ್ರಶ್ನೆ ಒಂದೇ: ಹಾಗಾದರೆ ಆ ಅಳು ಯಾರದು? ಬದುಕಬೇಕಾದರೆ ಅವಳು ತಮ್ಮನನ್ನು ಕೊಂದವಳಾಗಬೇಕು. ಸತ್ತವಳಾಗಿದ್ದರೆ ಅವ್ವನ ಮಗಳಾಗಿ ಉಳಿಯುತ್ತಾಳೆ. ಬಾಯಿ ಮುಚ್ಚಿಕೊಂಡು ಒಳಗೆ ಬಂದಳು. ಅತ್ತೆ ಅನ್ನ ಬಡಿಸಿ ಊದುಬತ್ತಿ ಹಚ್ಚಿದರು.

ಹತ್ತೊಂಬತ್ತು ವರ್ಷ ಹಾಗೆಯೇ ನಡೆಯಿತು. ಸತ್ತವರು ಮೊದಲು ಉಣ್ಣಬೇಕು, ಊದುಬತ್ತಿ ಉರಿದು ಮುಗಿದ ಮೇಲೆ ಬದುಕಿರುವವರು ಮಿಕ್ಕದ್ದನ್ನು ಉಣ್ಣಬೇಕು. ಲಾಯ್ ಒಂದು ಊದುಬತ್ತಿಯ ಹೊತ್ತಿನಲ್ಲಿ ಒಬ್ಬಳೇ ಉಂಡು ಏಳುತ್ತಿದ್ದಳು, ಆಮೇಲೆ ತಾಯಿ. ಒಂದು ದಿನವೂ ಇಬ್ಬರೂ ಜೊತೆಗೆ ಉಣ್ಣಲಿಲ್ಲ. ಮಾತೆಲ್ಲ ಫೋಟೋದ ಜೊತೆ. "ನೀರು ತುಂಬಿಸಿದೆಯಾ?" ಎಂದು ಅತ್ತೆ ಫೋಟೋವನ್ನು ಕೇಳುತ್ತಿದ್ದರು, ಹಿಂದೆ ನಿಂತು ಇವಳು "ತುಂಬಿಸಿದೆ ಅವ್ವ" ಎನ್ನುತ್ತಿದ್ದಳು. ಅದನ್ನು ಮೊದಲ ಸಲ ಕೇಳಿದ ದಿನ ನನಗೆ ಚಳಿಜ್ವರ ಬಂತು. ವರ್ಷಕ್ಕೊಮ್ಮೆ ಲಾಯ್‌ಳ ತಿಥಿ, ಅಡುಗೆ ಲಾಯ್‌ಳದೇ. ಊರವರಿಗೆ ಮೊದಮೊದಲು ಭಯ, ಆಮೇಲೆ ಅಭ್ಯಾಸ. "ಈ ವರ್ಷ ಮೀನಿಗೆ ಉಪ್ಪು ಜಾಸ್ತಿ ಆಗಿದೆ, ಸತ್ತೋಳಿಗೆ ಸ್ವಲ್ಪ ಹೇಳಿ" ಎಂದು ಉಂಡು ಹೋಗುತ್ತಿದ್ದರು.

ಯುದ್ಧ ಮುಗಿದು ಹೊಸ ಸರ್ಕಾರದವರು ಮನೆಯ ಜನರ ಪಟ್ಟಿ ಬರೆಯಲು ಬಂದರು. "ಎಷ್ಟು ಜನ ಅಜ್ಜಿ?" ಎಂದರೆ ಅತ್ತೆ "ಒಬ್ಬಳೇ" ಎಂದರು. ಅಧಿಕಾರಿ ಅಂಗಳದಲ್ಲಿ ಕೊಬ್ಬರಿ ಒಣಗಿಸುತ್ತಿದ್ದ ಲಾಯ್ ಕಡೆ ನೋಡಿ "ಮತ್ತೆ ಅವರು?" ಎಂದ. "ಅವಳು ತೀರಿಕೊಂಡಿದಾಳೆ." ಅವನು ಲಾಯ್ ಮುಖ ನೋಡಿದ. ಲಾಯ್ ಹೌದೆಂದು ತಲೆಯಾಡಿಸಿದಳು. ಆ ಹುಡುಗ ಪೆನ್ನು ಅಲ್ಲೇ ಬಿಟ್ಟು ಹೋದ, ಅದನ್ನು ತೆಗೆದುಕೊಂಡು ಹೋಗಲೂ ಮತ್ತೆ ಬರಲಿಲ್ಲ.

ಆಕಾಶದಲ್ಲಿ ಅತ್ತವಳು ಇವಳೇ ಎಂದು ನಿನಗೆ ಅನುಮಾನ ಬರಲಿಲ್ಲವೇ ಎಂದು ನೀವು ಕೇಳಬಹುದು. ಬಂತು. ಒಮ್ಮೆ ಬಟ್ಟೆ ಒಗೆಯುವಾಗ ಕೇಳಿಯೂ ಕೇಳಿದೆ. "ಊರಿಗೆ ಹತ್ತು ತೇವ್ ಇದಾರೆ ಮೂಯ್, ಎಲ್ಲರ ಮನೇಲೂ ಅನ್ನ ಆರುತ್ತೆ" ಎಂದಳು. ನಾನು ನಂಬಿದೆ. ನಂಬುವುದು ನನಗೂ ಬೇಕಾಗಿತ್ತು. ಆ ಗಂಟು ಬಿಚ್ಚುತ್ತಾ ಹೋದರೆ ಬಿಳಿ ಪಟ್ಟಿಯ ಗಂಟಿಗೂ ಬರಬೇಕಾಗುತ್ತದೆ. ಅಷ್ಟು ಹೊತ್ತಿಗೆ ನಾನು ದೋಣಿ ಕಟ್ಟುವವನನ್ನು ಮದುವೆಯಾಗಿ ಇಬ್ಬರು ಮಕ್ಕಳನ್ನು ಹೆತ್ತಿದ್ದೆ. ಊರಿಗೆ ಮರಳಿದ ಮೇಲೆ ಲಾಯ್ ಯಾವ ಸಾವಿನ ಮನೆಯಲ್ಲೂ ಅಳಲಿಲ್ಲ. ಸತ್ತವಳನ್ನು ಅಳಲು ಯಾರು ಕರೆಯುತ್ತಾರೆ?

ಹತ್ತೊಂಬತ್ತನೆಯ ವರ್ಷ ಅತ್ತೆ ಹಾಸಿಗೆ ಹಿಡಿದರು. ಕೊನೆಯ ದಿನ ಮಧ್ಯಾಹ್ನ ಲಾಯ್ ಗಂಜಿ ಕುಡಿಸುತ್ತಿದ್ದಾಗ ಅತ್ತೆ ಅವಳ ಮೊಣಕೈ ಹಿಡಿದು, ಫೋಟೋ ಬಿಟ್ಟು ಅವಳ ಮುಖವನ್ನೇ ನೋಡಿದರು. ನಾನು ಕಾಲು ಒತ್ತುತ್ತಾ ಕೂತಿದ್ದೆ.

"ನೀನು ಬಂದ ದಿನ ನಿನ್ನ ಕುತ್ತಿಗೆ ಮೇಲೆ ಸೊಳ್ಳೆ ಕೂತಿತ್ತು" ಎಂದರು. "ರಕ್ತ ಕುಡಿದು ಕೆಂಪಗಾಗಿತ್ತು. ಸತ್ತೋರನ್ನ ಸೊಳ್ಳೆ ಕಚ್ಚಲ್ಲ."

ಲಾಯ್ ಚಮಚ ಕೆಳಗಿಟ್ಟಳು. "ಮತ್ತೆ ಯಾಕವ್ವಾ?"

"ಬದುಕಿದೀಯ ಅಂತ ಒಪ್ಪಿಕೊಂಡಿದ್ರೆ ನಿನ್ನ ಒಂದು ಮಾತು ಕೇಳಬೇಕಾಗ್ತಿತ್ತು. ಕೇಳಿದ್ರೆ ಮನೆಯಿಂದ ಆಚೆ ಹಾಕಬೇಕಾಗ್ತಿತ್ತು. ಇದ್ದ ಇಬ್ಬರಲ್ಲಿ ಒಬ್ಬಳಾದ್ರೂ ಇರಲಿ ಅಂತ." ಆಮೇಲೆ ಗಂಜಿ ಸಾಕು ಎಂದರು. ಹೊತ್ತು ಇಳಿಯುವ ಮುಂಚೆ ಹೋದರು.

ಮಾರನೆಯ ದಿನ ಪೆಟ್ಟಿಗೆಯ ತಲೆಯ ಕಡೆ ಲಾಯ್ ಕೂತಳು, ಹಣೆಗೆ ಬಿಳಿ ಪಟ್ಟಿ. ದನಿ ಬಾವಿಯೊಳಗಿಂದ ಬಂದಂತೆ ಬಂತು. "ಅವ್ವೋ, ಅನ್ನ ಆರಿಹೋಗ್ತಾ ಇದೆ ಕಣೇ, ಏಳೇ" ಎಂದಳು. ಅಂಗಳದಲ್ಲಿ ಚಹಾ ಕುಡಿಯುತ್ತಿದ್ದ ಮುದುಕರೆಲ್ಲ ಒಟ್ಟಿಗೆ ಕತ್ತೆತ್ತಿ ಆಕಾಶ ನೋಡಿದರು. ಒಬ್ಬಳು ಮುದುಕಿ ಪಕ್ಕದಲ್ಲಿದ್ದ ನಲವತ್ತು ದಾಟಿದ ಮಗನ ಬಾಯಿ ಮುಚ್ಚಿ ಹಿಡಿದಳು. ಅವನೂ ಒಬ್ಬ ತೇವ್. ನಾನು ಆಕಾಶ ನೋಡಲಿಲ್ಲ, ಅವಳನ್ನೇ ನೋಡಿದೆ.

ಎಲ್ಲರೂ ಹೋದ ಮೇಲೆ ಕೋಣೆ, ಗುಮಾಸ್ತ, ಕಿತ್ತಳೆ, ದೋಣಿ, ಎಲ್ಲವನ್ನೂ ಅವಳೇ ಹೇಳಿದಳು. ನನಗೆ ಮೈ ಉರಿಯಿತು. "ಒಂದು ಹೆಸರಿಗೆ ನನ್ನ ಬಾಳು ತಿಂದೆ" ಎಂದೆ. ಮೂರು ತಿಂಗಳು ಆ ಮನೆಯ ಮುಂದೆ ದೋಣಿ ಹೋಗುವಾಗ ಮುಖ ಆಚೆ ತಿರುಗಿಸಿದೆ. ಆದರೆ ತಿರುಗಿಸಿದ ಕಡೆಯಲ್ಲೆಲ್ಲ ನೀರುತೆಂಗಿನ ಹಸಿರು, ಅದರ ನಡುವೆ ಒಂದು ಬಿಳಿ ತುಂಡು ಹೋಗುತ್ತಲೇ ಇರುತ್ತಿತ್ತು.

ಅತ್ತೆಯ ನೂರನೆಯ ದಿನದ ಕಾರ್ಯಕ್ಕೆ ಹೋಗದಿರಲು ಆಗಲಿಲ್ಲ. ಹೋದಾಗ ಊರವರು ಉಂಡು ಹೋಗಿದ್ದರು. ಲಾಯ್ ಅವ್ವನ ಎಡೆಯನ್ನು ಮಣೆಯ ಮೇಲಿಟ್ಟು, ಅದರ ಮುಂದೆ ಎರಡು ಬಟ್ಟಲು ಇಟ್ಟುಕೊಂಡು, ಊದುಬತ್ತಿ ಹಚ್ಚಿ, ತನ್ನ ಬಟ್ಟಲಿನಲ್ಲಿ ಆತುರಾತುರವಾಗಿ ಉಣ್ಣುತ್ತಿದ್ದಳು. ಅವಸರ ಪಡಿಸುವವರು ಯಾರೂ ಉಳಿದಿರಲಿಲ್ಲ. ಇನ್ನೊಂದು ಬಟ್ಟಲು ತೇವ್‌ನದು. ನಾನು ಕೂತು ಅದನ್ನು ಕೈಗೆತ್ತಿಕೊಂಡೆ.

"ಊದುಬತ್ತಿ ಮುಗೀಲಿ ಮೂಯ್, ಆಮೇಲೆ ಉಣ್ಣು" ಎಂದಳು ಗಾಬರಿಯಿಂದ.

"ಇಲ್ಲಿ ಕೂತಿರೋರಲ್ಲಿ ಯಾರು ಸತ್ತಿದಾರೆ?" ಎಂದೆ. ಆಮೇಲೆ ಇಷ್ಟು ವರ್ಷ ಗಂಡನಿಗೂ ಹೇಳದ್ದನ್ನು ಹೇಳಿದೆ. "ಪಟ್ಟಿ ತೆಗೀಬೇಡ ಅಂದೋಳು ನಾನು."

"ಗೊತ್ತು" ಎಂದಳು ಲಾಯ್. "ನಾನು ಬಂದ ವಾರಾನೇ ಅವ್ವ ಫೋಟೋಗೆ ಹೇಳಿದ್ರು."

ಹತ್ತೊಂಬತ್ತು ವರ್ಷ, ನಾನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅವಳನ್ನು ಪ್ರಶ್ನಿಸಿದ ದಿನವೂ ಸೇರಿ, ಅವಳು ಅದನ್ನು ಬಾಯಿಗೆ ತಂದಿರಲಿಲ್ಲ. ಊದುಬತ್ತಿ ಇನ್ನೂ ಅರ್ಧ ಉಳಿದಿತ್ತು. ಅನ್ನ ಆರಿಹೋಗಿತ್ತು. ಇಬ್ಬರೂ ಜೊತೆಗೆ ಉಂಡೆವು.